400ರ ರೋಲು 1600ರಲ್ಲಿ: ಕಪ್ಪುಬಿಳುಪು ಫಿಲ್ಮನ್ನು ಮನೆಯಲ್ಲೇ ಪುಶ್ ಮಾಡುವ ಕ್ರಮ

“ರಾತ್ರಿ ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದೇನೆ, ಕೈಯಲ್ಲಿರುವುದು 400ರ ಫಿಲ್ಮ್, ಬೆಳಕು ಸಾಲದು, ಏನು ಮಾಡಲಿ?” ಆಟದ ಜಾಗದಲ್ಲಿ ದೇವಸ್ಥಾನದ ಒಳಾಂಗಣ ಬರಬಹುದು, ಮದುವೆ ಮನೆಯ ಅಡುಗೆಕೋಣೆ ಬರಬಹುದು, ಸಂಜೆ ಸಂತೆ ಬರಬಹುದು. ಓದುಗರು ಕೇಳುವುದು ಮಾತ್ರ ಇದನ್ನೇ. 400, 1600 ಎನ್ನುವುದು ಐಎಸ್‌ಒ ಅಂಕಿ, ಅಂದರೆ ಫಿಲ್ಮಿನ ವೇಗ: ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ಬೆಳಕು ಅಳೆಯುವ ಮೀಟರನ್ನು 1600ಕ್ಕೆ ಇಟ್ಟು ಚಿತ್ರ ತೆಗೆಯಿರಿ, ಆಮೇಲೆ ಫಿಲ್ಮನ್ನು ಡೆವಲಪರ್‌ನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಹೆಚ್ಚು ಹೊತ್ತು ಬಿಡಿ. ಇದನ್ನೇ ಪುಶ್ ಮಾಡುವುದು ಎನ್ನುತ್ತಾರೆ. ಹೇಳಲು ಇಷ್ಟೇ, ಮಾಡುವಾಗ ಕೆಡುವ ಜಾಗಗಳು ಹಲವು.

ಈ ಲೇಖನದಲ್ಲಿ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು ಮಾದರಿಯಾಗಿ ಹಿಡಿದಿದ್ದೇವೆ. ಎರಡು ಸ್ಟಾಪ್ ಪುಶ್ ಅನ್ನು, ಅಂದರೆ 400ರಿಂದ 1600ಕ್ಕೆ ಏರಿಸುವುದನ್ನು, ಸಲೀಸಾಗಿ ತಡೆದುಕೊಳ್ಳುವ ಫಿಲ್ಮ್ ಅದು. ಒಮ್ಮೆಯೂ ಮನೆಯಲ್ಲಿ ಫಿಲ್ಮ್ ಡೆವಲಪ್ ಮಾಡದವರು ಮೊದಲು ಒಂದು ರೋಲನ್ನು 400ರಲ್ಲೇ ತೆಗೆದು, ಮಾಮೂಲಿ ವೇಳೆಗೆ ಡೆವಲಪ್ ಮಾಡಿ ಕೈ ಪಳಗಿಸಿಕೊಳ್ಳಿ.

ಪುಶ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ. 400ರ ಫಿಲ್ಮನ್ನು 1600 ಎಂದು ಲೆಕ್ಕ ಹಿಡಿದರೆ ಎರಡು ಸ್ಟಾಪ್ ಕಡಿಮೆ, ಅಂದರೆ ಫಿಲ್ಮಿಗೆ ಬೇಕಾದ ಬೆಳಕಿನಲ್ಲಿ ಕಾಲು ಭಾಗ ಮಾತ್ರ ಬೀಳುತ್ತದೆ. ಲೆನ್ಸಿನ ಕಿಂಡಿ ಎಫ್ 2.8ರಲ್ಲಿದ್ದು ಶಟರ್ 1/30 ಸೆಕೆಂಡ್ ತೆರೆದಿರಬೇಕಿದ್ದ ಕಡೆ 1/125 ಸಿಗುತ್ತದೆ. ಕೈ ನಡುಗಿದ ಚಿತ್ರಕ್ಕೂ ನಿಂತ ಚಿತ್ರಕ್ಕೂ ಇರುವ ಅಂತರ ಅದು.

ಆದರೆ ಫಿಲ್ಮಿನ ನಿಜವಾದ ವೇಗ ಇದರಿಂದ ಹೆಚ್ಚುವುದಿಲ್ಲ. ಫಿಲ್ಮಿನ ಮೇಲಿನ ಬೆಳ್ಳಿಲವಣದ ಕಣಕ್ಕೆ ಇಂತಿಷ್ಟು ಬೆಳಕು ಬಿದ್ದರೆ ಮಾತ್ರ ಡೆವಲಪರ್ ಅದನ್ನು ಕಪ್ಪಾಗಿಸುತ್ತದೆ. ಗಾಢ ನೆರಳಿನಲ್ಲಿ ಆ ಕನಿಷ್ಠ ಬೆಳಕೂ ಬಿದ್ದಿಲ್ಲವೆಂದರೆ ಒಂದು ಗಂಟೆ ಕುಲುಕಿದರೂ ಅಲ್ಲಿ ಏನೂ ಮೂಡದು. ಹೆಚ್ಚುವರಿ ವೇಳೆ ಕೆಲಸ ಮಾಡುವುದು ಮುಖ, ಬಟ್ಟೆ, ಗೋಡೆಯಂತಹ ನಡುವಣ ಛಾಯೆಗಳ ಮೇಲೆ ಮತ್ತು ದೀಪದಂತಹ ಹೊಳಪಿನ ಭಾಗಗಳ ಮೇಲೆ. ಹಾಗಾಗಿ ನಡುವಣ ಛಾಯೆ ಸರಿಯಾದ ಮಟ್ಟಕ್ಕೆ ಬರುತ್ತದೆ, ಹೊಳಪು ಇನ್ನೂ ಮೇಲೇರುತ್ತದೆ, ನೆರಳು ಇದ್ದಲ್ಲೇ ಉಳಿಯುತ್ತದೆ. ಕಾಂಟ್ರಾಸ್ಟ್, ಅಂದರೆ ಕಪ್ಪಿಗೂ ಬಿಳುಪಿಗೂ ಇರುವ ಅಂತರ, ಹೆಚ್ಚುತ್ತದೆ, ಗ್ರೇನ್, ಅಂದರೆ ಚಿತ್ರದ ಕಣಕಣ, ಎದ್ದು ಕಾಣುತ್ತದೆ. ಇವು ಪುಶ್‌ನ ದೋಷಗಳಲ್ಲ, ಅದರ ಸ್ವಭಾವ. ಬೇಡವೆನ್ನುವವರು ಟ್ರೈಪಾಡ್ ಒಯ್ಯಬೇಕು.

ಮಳೆಗಾಲದ ಮಲೆನಾಡಿನ ಮಂಕು ಬೆಳಕಿನಂತೆ ಛಾಯೆಗಳ ಅಂತರವೇ ಕಡಿಮೆಯಿರುವ ಕಡೆ ಪುಶ್ ಮಾಡಿದ ಫಿಲ್ಮ್ ಚಂದ ಬರುತ್ತದೆ. ಕಾಂಟ್ರಾಸ್ಟ್ ಅಲ್ಲಿ ಬೇಕಾದದ್ದೇ. ಒಂದೇ ಬಲ್ಬಿನ ಕೋಣೆಯಲ್ಲಿ ಅದೇ ಗುಣ ಹೊರೆಯಾಗುತ್ತದೆ: ಬಲ್ಬಿನ ಸುತ್ತ ಸುಣ್ಣ, ಮೂಲೆಯಲ್ಲಿ ಮಸಿ.

ಫಿಲ್ಮ್ ಮತ್ತು ಡೆವಲಪರ್

ಎಚ್‌ಪಿ5 ಪ್ಲಸ್, ಕೊಡಕ್ ಟ್ರೈ-ಎಕ್ಸ್ 400, ಟಿ-ಮ್ಯಾಕ್ಸ್ 400, ಇಲ್ಫರ್ಡ್ ಡೆಲ್ಟಾ 400 ನಾಲ್ಕೂ 1600ಕ್ಕೆ ಹೋಗುತ್ತವೆ. ಫೋಮಾಪ್ಯಾನ್ 400ರ ನಿಜವಾದ ವೇಗ ಹೆಸರಿನಲ್ಲಿರುವುದಕ್ಕಿಂತ ಕಡಿಮೆ. ಅದನ್ನು 800ಕ್ಕೇ ನಿಲ್ಲಿಸಿ. ಡೆಲ್ಟಾ 3200ರ ಹೆಸರಿಗೂ ಮರುಳಾಗಬೇಡಿ. ತಯಾರಕರೇ ಕೊಟ್ಟಿರುವ ಅದರ ಐಎಸ್‌ಒ ವೇಗ 1000, 3200ರಲ್ಲಿ ಬಳಸಿದರೆ ಅದೂ ಪುಶ್ಶೇ. ಎಕ್ಸ್‌ಪಿ2 ಸೂಪರ್ ಕಪ್ಪುಬಿಳುಪೇ ಆದರೂ ಬಣ್ಣದ ಫಿಲ್ಮಿನ ಸಿ-41 ಪ್ರಕ್ರಿಯೆಗೆ ಮಾಡಿದ್ದು. ಈ ಲೇಖನ ಅದಕ್ಕಲ್ಲ.

ಡೆವಲಪರ್‌ಗಳಲ್ಲಿ ಮೈಕ್ರೊಫೆನ್ ಮತ್ತು ಡಿಡಿ-ಎಕ್ಸ್ ಪುಶ್‌ಗೆ ಹೇಳಿ ಮಾಡಿಸಿದಂಥವು. ಅವುಗಳಲ್ಲಿರುವ ಫೆನಿಡೋನ್ ಬಳಗದ ರಾಸಾಯನಿಕ ನೆರಳಿನಿಂದ ತುಸು ಹೆಚ್ಚು ವಿವರ ಹೊರತೆಗೆಯುತ್ತದೆ. ಲಾಭ ಅರ್ಧ ಸ್ಟಾಪಿನೊಳಗಿನದು, ಆದರೆ ಪುಶ್‌ನಲ್ಲಿ ಅದೂ ದೊಡ್ಡದೇ. ಐಡಿ-11 ಅಥವಾ ಡಿ-76 ನಡುವಿನ ದಾರಿ. ರೋಡಿನಾಲ್ ಮತ್ತು ಪರ್ಸೆಪ್ಟಾಲ್ ಇದ್ದ ವೇಗವನ್ನೇ ಇಳಿಸುತ್ತವೆ, ಇಲ್ಲಿಗೆ ಬೇಡ. ರೋಡಿನಾಲನ್ನು 1+100, ಅಂದರೆ ಒಂದು ಪಾಲಿಗೆ ನೂರು ಪಾಲು ನೀರು ಬೆರೆಸಿ, ತೆಳುಮಾಡಿ ಗಂಟೆಗಟ್ಟಲೆ ಕದಲಿಸದೆ ಬಿಡುವ ವಿಧಾನದಿಂದ ಪುಶ್ ಆಗುತ್ತದೆಂದು ಅಂತರ್ಜಾಲದಲ್ಲಿ ಓದಿರುತ್ತೀರಿ. ನಮ್ಮ ಬೇಸಿಗೆಯ ನೀರಿನಲ್ಲಿ ಅದರಿಂದ ಪಟ್ಟೆ ಬಿದ್ದ ನೆಗೆಟಿವ್ ಬರುವ ಸಂಭವವೇ ಹೆಚ್ಚು.

ಸಿದ್ಧ ಡೆವಲಪರ್ ಸಿಗದ ಊರಿನವರು ಪ್ರಯೋಗಾಲಯದ ರಾಸಾಯನಿಕ ಮಾರುವ ಅಂಗಡಿಯಿಂದ ಸಾಮಾನು ತಂದು ಡಿ-76 ಬೆರೆಸಿಕೊಳ್ಳಬಹುದು. ಒಂದು ಲೀಟರಿಗೆ:

ಮೆಟಾಲ್ 2 ಗ್ರಾಂ
ಅನ್‌ಹೈಡ್ರಸ್ ಸೋಡಿಯಂ ಸಲ್ಫೈಟ್ 100 ಗ್ರಾಂ
ಹೈಡ್ರೊಕ್ವಿನೋನ್ 5 ಗ್ರಾಂ
ಬೊರಾಕ್ಸ್ 2 ಗ್ರಾಂ

50 ಡಿಗ್ರಿಯ 750 ಮಿ.ಲೀ. ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್ ಹಾಕಿ ಪೂರ್ತಿ ಕರಗಿಸಿ. ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲ್ ಕರಗದೆ ನಿಲ್ಲುತ್ತದೆ. ನಂತರ ಉಳಿದವನ್ನು ಮೇಲಿನ ಕ್ರಮದಲ್ಲೇ ಒಂದೊಂದಾಗಿ ಕರಗಿಸಿ, ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ ಒಂದು ರಾತ್ರಿ ಇಡಿ. ಅಂಗಡಿಯಲ್ಲಿ ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ: ಬೇಕಾದದ್ದು ಸಲ್ಫೈಟ್. ಸಲ್ಫೇಟ್ ಕೊಟ್ಟರೆ ಡೆವಲಪರ್ ಕೆಲಸ ಮಾಡದು, ಬೈಸಲ್ಫೈಟ್ ಕೊಟ್ಟರೂ ಅದೇ ಕಥೆ. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಕೈಗವಸು ಹಾಕಿಕೊಳ್ಳಿ. ಅಡುಗೆಮನೆಯ ಪಾತ್ರೆ, ಚಮಚ ಯಾವುದೂ ಬೇಡ.

ಉಳಿದ ಸಾಮಾನು

ಬೆಳಕು ನುಗ್ಗದ ಮುಚ್ಚಳವಿರುವ ಡೆವಲಪಿಂಗ್ ಟ್ಯಾಂಕ್ ಮತ್ತು ರೀಲ್, ಕತ್ತಲಲ್ಲಿ ಫಿಲ್ಮ್ ಸುತ್ತಲು ಚೇಂಜಿಂಗ್ ಬ್ಯಾಗ್, ಅಂದರೆ ತೋಳಿರುವ ಕಪ್ಪು ಚೀಲ, ಅರ್ಧ ಡಿಗ್ರಿಯಾದರೂ ನಿಖರವಾಗಿ ತೋರಿಸುವ ಥರ್ಮಾಮೀಟರ್, ಅಳತೆ ಜಗ್ಗುಗಳು, ಫಿಕ್ಸರ್, ಕತ್ತರಿ, ಕ್ಲಿಪ್ಪು, ಗಡಿಯಾರ. ಪ್ಯಾಟರ್ಸನ್ ಟ್ಯಾಂಕಿನಲ್ಲಿ 35 ಮಿ.ಮೀ. ರೋಲ್ ಒಂದಕ್ಕೆ 290 ಮಿ.ಲೀ., ಅದಕ್ಕಿಂತ ಅಗಲದ 120ರ ರೋಲಿಗೆ 500 ಮಿ.ಲೀ. ದ್ರಾವಣ ಬೇಕು. ಟ್ಯಾಂಕಿನ ತಳದಲ್ಲೇ ಈ ಅಳತೆ ಬರೆದಿರುತ್ತದೆ. ಹತ್ತು ಮಿ.ಲೀ. ಹೆಚ್ಚಿಗೆ ಹಾಕಿ, ಕಡಿಮೆಯಾದರೆ ಫಿಲ್ಮಿನ ಒಂದು ಅಂಚು ಒಣಗಿಯೇ ಉಳಿಯುತ್ತದೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಡೆವಲಪರ್ ಬೆರೆಸಲು ಮತ್ತು ಕೊನೆಯ ಜಾಲಾಟಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ನಡುವಿನ ತೊಳೆತಕ್ಕೆ ನಲ್ಲಿ ನೀರು ಸಾಕು.

ಹಂತ 1: ಕ್ಯಾಮೆರಾದಲ್ಲಿ

ಪುಶ್ ಕೆಡುವುದು ಹೆಚ್ಚಾಗಿ ಇಲ್ಲಿ, ಬಚ್ಚಲುಮನೆಯಲ್ಲಲ್ಲ. ರೋಲ್ ಹಾಕಿದ ಕೂಡಲೇ ಐಎಸ್‌ಒ ಗುಂಡಿಯನ್ನು 1600ಕ್ಕೆ ತಿರುಗಿಸಿ, ರೋಲಿನ ಡಬ್ಬಿಯ ಮೇಲೆ ಮಾರ್ಕರ್‌ನಿಂದ “1600” ಎಂದು ಬರೆಯಿರಿ. ಇಡೀ ರೋಲು ಒಂದೇ ಟ್ಯಾಂಕಿನಲ್ಲಿ ಡೆವಲಪ್ ಆಗುವುದರಿಂದ ಅರ್ಧ 400ರಲ್ಲಿ, ಅರ್ಧ 1600ರಲ್ಲಿ ತೆಗೆಯುವ ಹಾಗಿಲ್ಲ. ಡಬ್ಬಿಯ ಮೇಲಿನ ಡಿಎಕ್ಸ್ ಪಟ್ಟಿ ಓದಿ ವೇಗವನ್ನು ತಾನೇ ನಿಗದಿ ಮಾಡುವ ಕ್ಯಾಮೆರಾ ಆದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು, ಅಂದರೆ ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿಯನ್ನು, −2ಕ್ಕೆ ಇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ನಾಲ್ಕು ಸ್ಟಾಪ್ ಹೋಗುತ್ತದೆ, ಅದನ್ನು ಯಾವ ಡೆವಲಪರೂ ಉಳಿಸದು.

ಇನ್ನು ಮೀಟರ್. ಚೌಕಟ್ಟಿನಲ್ಲಿ ದೀಪವಿದ್ದರೆ ಕ್ಯಾಮೆರಾ ಬೆಳಕು ಧಾರಾಳವಾಗಿದೆ ಎಂದು ತಿಳಿದು ಇನ್ನಷ್ಟು ಕಡಿಮೆ ಕೊಡುತ್ತದೆ. ಮಾಮೂಲಿ ರೋಲಿನಲ್ಲಿ ಒಂದು ಸ್ಟಾಪ್ ತಪ್ಪಿದರೆ ಸುಧಾರಿಸಬಹುದು. ಎರಡು ಸ್ಟಾಪನ್ನು ಮೊದಲೇ ಖರ್ಚು ಮಾಡಿರುವ ಈ ರೋಲಿನಲ್ಲಿ ಅಂಥ ಉಳಿತಾಯವಿಲ್ಲ. ಆದ್ದರಿಂದ ಮುಖದಿಂದ ಅಥವಾ ನಿಮಗೆ ವಿವರ ಬೇಕಾದ ಜಾಗದಿಂದ ಹತ್ತಿರ ಹೋಗಿ ಅಳೆಯಿರಿ, ಇಲ್ಲವೇ ಸಣ್ಣ ಜಾಗವೊಂದನ್ನೇ ಅಳೆಯುವ ಸ್ಪಾಟ್ ಮೀಟರ್ ಬಳಸಿ, ದೀಪ ಮೀಟರಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಯಕ್ಷಗಾನದ ವೇಷಧಾರಿಯ ಬಣ್ಣ ಹಚ್ಚಿದ ಮುಖ ಬರಿ ಮುಖಕ್ಕಿಂತ ಹೊಳಪಿನದು. ಅದರಿಂದ ಅಳೆದರೆ ಅರ್ಧ ಸ್ಟಾಪ್ ಹೆಚ್ಚಿಗೆ ಕೊಡಿ. ರಂಗಸ್ಥಳದ ಹಿಂದಿನ ಕತ್ತಲು ಕತ್ತಲಾಗಿಯೇ ಬರಲಿ. ಅದರಲ್ಲಿ ವಿವರ ಹುಡುಕುವುದು ಪುಶ್‌ನ ಕೆಲಸವಲ್ಲ.

ಹಂತ 2: ವೇಳೆ ಮತ್ತು ಉಷ್ಣತೆ

ಎಚ್‌ಪಿ5 ಪ್ಲಸ್‌ಗೆ ಇಲ್ಫರ್ಡ್ ಕೊಡುವ ವೇಳೆಗಳು ಇವು. ಎಲ್ಲವೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸ್ಟಾಕ್ ಎಂದರೆ ನೀರು ಬೆರೆಸಿ ತೆಳುಮಾಡದ ಮೂಲ ದ್ರಾವಣ.

ಮೈಕ್ರೊಫೆನ್ ಸ್ಟಾಕ್: 400ಕ್ಕೆ 6½ ನಿಮಿಷ, 800ಕ್ಕೆ 8, 1600ಕ್ಕೆ 11, 3200ಕ್ಕೆ 16.
ಐಡಿ-11 ಸ್ಟಾಕ್: 400ಕ್ಕೆ 7½, 800ಕ್ಕೆ 10½, 1600ಕ್ಕೆ 14.
ಡಿಡಿ-ಎಕ್ಸ್ 1+4: 400ಕ್ಕೆ 9, 800ಕ್ಕೆ 10, 1600ಕ್ಕೆ 13, 3200ಕ್ಕೆ 20.

ಮನೆಯಲ್ಲಿ ಬೆರೆಸಿದ ಡಿ-76ಕ್ಕೆ ಐಡಿ-11ರ ವೇಳೆಯಿಂದ ಶುರು ಮಾಡಿ. ಬೇರೆ ಫಿಲ್ಮಿಗೆ ಅದರದೇ ತಯಾರಕರ ಪಟ್ಟಿ ನೋಡಬೇಕು, ಇದನ್ನು ಹೊಂದಿಸಬೇಡಿ. ಟ್ರೈ-ಎಕ್ಸ್ ಅನ್ನು 800ರಲ್ಲಿ ತೆಗೆದರೆ ವೇಳೆ ಬದಲಿಸುವುದೇ ಬೇಡ ಎನ್ನುತ್ತದೆ ಕೊಡಕ್. ಒಂದು ಸ್ಟಾಪಿನ ತಪ್ಪನ್ನು ಆ ಫಿಲ್ಮ್ ತಾನೇ ನುಂಗಿಕೊಳ್ಳುತ್ತದೆ.

20 ಡಿಗ್ರಿಯ ನಲ್ಲಿ ನೀರು ನಮ್ಮಲ್ಲಿ ಚಳಿಗಾಲದ ಬೆಳಗ್ಗೆ ಬಿಟ್ಟರೆ ಸಿಗುವುದಿಲ್ಲ. ಉಷ್ಣತೆ ಏರಿದಷ್ಟೂ ಡೆವಲಪರ್ ಚುರುಕಾಗುತ್ತದೆ: 20 ಡಿಗ್ರಿಯಲ್ಲಿ 4 ನಿಮಿಷದ ಕೆಲಸ 23 ಡಿಗ್ರಿಯಲ್ಲಿ 3 ನಿಮಿಷಕ್ಕೆ ಮುಗಿಯುತ್ತದೆ. ಅಂದಾಜು ಪ್ರತಿ ಡಿಗ್ರಿಗೆ ಶೇ. 9 ಕಡಿತ. ಈ ಲೆಕ್ಕದಲ್ಲಿ 1600ಕ್ಕೆ ಮೈಕ್ರೊಫೆನ್‌ನ 11 ನಿಮಿಷ 22 ಡಿಗ್ರಿಯಲ್ಲಿ 9, 24ರಲ್ಲಿ 7½, 26ರಲ್ಲಿ ಸುಮಾರು 6¼ ನಿಮಿಷವಾಗುತ್ತದೆ. ಐಡಿ-11ರ 14 ನಿಮಿಷ 24ರಲ್ಲಿ 9½, 26ರಲ್ಲಿ 8ರ ಹತ್ತಿರ.

ಇಲ್ಲೊಂದು ಅನುಕೂಲ ಅಡಗಿದೆ. ಐದು ನಿಮಿಷಕ್ಕಿಂತ ಕಡಿಮೆ ಹೊತ್ತು ಡೆವಲಪ್ ಮಾಡಿದರೆ ಫಿಲ್ಮ್ ಸಮನಾಗಿ ಮೂಡುವುದಿಲ್ಲ, ಆಕಾಶದಲ್ಲಿ ಪಟ್ಟೆ ಬೀಳುತ್ತದೆ. 400ರ ಮಾಮೂಲಿ ರೋಲು ಐಡಿ-11ರಲ್ಲಿ 26 ಡಿಗ್ರಿಗೆ ನಾಲ್ಕು ಚಿಲ್ಲರೆ ನಿಮಿಷಕ್ಕಿಳಿದು ತೊಂದರೆ ಕೊಡುತ್ತದೆ. ಅದೇ ನೀರಿನಲ್ಲಿ ಪುಶ್ ರೋಲಿಗೆ ಎಂಟು ನಿಮಿಷ ಸಿಗುತ್ತದೆ. ಬಿಸಿಲೂರಿನವರಿಗೆ ಪುಶ್ ಮಾಮೂಲಿಗಿಂತ ಸುಲಭ! ಹಾಗೆಂದು 26 ದಾಟಬೇಡಿ. ಅದರಾಚೆ ಲೆಕ್ಕ ನಂಬಿಕೆಗೆ ಬಾರದು, ಫಿಲ್ಮಿನ ಜೆಲಾಟಿನ್ ಪದರವೂ ಮೆತ್ತಗಾಗಿ ಬೇಗ ಗೀರು ಬೀಳುತ್ತದೆ. ಗುರಿ 22ರಿಂದ 24 ಇರಲಿ.

ನೀರು ತಣಿಸಲು ಐಸನ್ನು ನೇರ ಡೆವಲಪರ್‌ಗೆ ಹಾಕಬೇಡಿ, ತೆಳುವಾಗುತ್ತದೆ. ಡೆವಲಪರ್, ಫಿಕ್ಸರ್, ತೊಳೆಯುವ ನೀರಿನ ಬಾಟಲಿಗಳನ್ನೆಲ್ಲ ಒಂದೇ ಟಬ್ಬಿನ ನೀರಿನಲ್ಲಿ ನಿಲ್ಲಿಸಿ, ಆ ಟಬ್ಬಿಗೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಇಳಿಬಿಡಿ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ರಾತ್ರಿಯಿಡೀ ಮಡಕೆಯಲ್ಲಿಟ್ಟ ನೀರೇ ಹಲವು ಡಿಗ್ರಿ ಇಳಿದಿರುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಮಡಕೆ ಅಷ್ಟು ತಣಿಸದು, ಅಲ್ಲಿ ಐಸ್ ಬಾಟಲಿಯೇ ಗತಿ. ಎಲ್ಲ ದ್ರಾವಣಗಳೂ ಒಂದೆರಡು ಡಿಗ್ರಿಯೊಳಗೇ ಇರಬೇಕು. ಬೆಚ್ಚಗಿನ ಡೆವಲಪರ್‌ನಿಂದ ತೆಗೆದು ತಣ್ಣನೆಯ ನೀರಿಗೆ ಹಾಕಿದರೆ ಪದರ ಸುಕ್ಕುಗಟ್ಟಿ ಚಿತ್ರದ ತುಂಬ ಬಲೆಯಂಥ ಗೆರೆ ಮೂಡುವ ಅಪಾಯವಿದೆ.

ಹಂತ 3: ರೀಲಿಗೆ ಸುತ್ತುವುದು

ಫಿಲ್ಮಿನ ತುದಿಯನ್ನು ಬೆಳಕಿನಲ್ಲೇ ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ತುಸು ದುಂಡಗೆ ಮಾಡಿ. ಕತ್ತರಿಸಿದ ತುಂಡನ್ನು ಎಸೆಯಬೇಡಿ, ಹಂತ 6ಕ್ಕೆ ಬೇಕು. ರೀಲಿನಲ್ಲಿ ಒಂದು ಹನಿ ನೀರಿದ್ದರೂ ಫಿಲ್ಮ್ ಅಂಟಿಕೊಂಡು ಮುಂದೆ ಸರಿಯುವುದಿಲ್ಲ. ಸೆಕೆಯಲ್ಲಿ ಚೀಲದೊಳಗೆ ಕೈ ಬೆವರುತ್ತದೆ; ಸಿಕ್ಕಿಕೊಂಡಿತೆಂದರೆ ಎಳೆದಾಡದೆ, ಫಿಲ್ಮನ್ನು ಟ್ಯಾಂಕಿನೊಳಗೆ ಹಾಕಿ ಮುಚ್ಚಳ ಭದ್ರ ಮಾಡಿ ಕೈ ಹೊರತೆಗೆದು ಒರೆಸಿಕೊಂಡು ಮತ್ತೆ ಶುರು ಮಾಡಿ.

ಹಂತ 4: ಡೆವಲಪರ್

ಡೆವಲಪರ್ ಸುರಿದು ಗಡಿಯಾರ ಒತ್ತಿ. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಿ ನೆಟ್ಟಗೆ ತನ್ನಿ, ಗುಳ್ಳೆ ಬಿಡಲು ತಳವನ್ನು ಒಮ್ಮೆ ಮೇಜಿಗೆ ತಟ್ಟಿ. ಆಮೇಲೆ ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಅದೇ ನಾಲ್ಕು ಸಲ. ಉಳಿದ ಹೊತ್ತು ಟಬ್ಬಿನಲ್ಲಿ ಸುಮ್ಮನೆ ಕೂತಿರಲಿ.

ಪುಶ್ ಎಂದ ಕೂಡಲೇ ಜೋರಾಗಿ, ಎಡೆಬಿಡದೆ ಕುಲುಕುವವರಿದ್ದಾರೆ. ಅದರಿಂದ ನೆರಳಿಗೆ ಸಿಗುವುದು ಏನೂ ಇಲ್ಲ, ಹೊಳಪು ಇನ್ನಷ್ಟು ಗಟ್ಟಿಯಾಗುತ್ತದೆ. ಅಂಚಿನ ತೂತುಗಳ ಮೂಲಕ ದ್ರಾವಣ ನುಗ್ಗಿ ಅವುಗಳ ನೇರಕ್ಕೆ ಗೆರೆಗಳೂ ಮೂಡುತ್ತವೆ. ಕುಲುಕುವುದನ್ನು ಮರೆತರೂ ಕೇಡೇ: ಡೆವಲಪ್ ಆಗುವಾಗ ಬಿಡುಗಡೆಯಾಗುವ ಬ್ರೋಮೈಡ್ ಕೆಳಗಿಳಿದು ಪಟ್ಟೆ ಬರೆಯುತ್ತದೆ.

ಪುಶ್‌ಗೆ ಹೊಸ ಡೆವಲಪರನ್ನೇ ಬಳಸಿ, ಒಮ್ಮೆ ಬಳಸಿದ್ದನ್ನು ಚೆಲ್ಲಿ. ದಣಿದ ದ್ರಾವಣ ಮಾಮೂಲಿ ರೋಲಿನಲ್ಲಿ ಹೇಗೋ ನಡೆದೀತು, ಇಲ್ಲಿ ನಡೆಯದು. ಬೆರೆಸಿದ ಸ್ಟಾಕ್ ಗಾಳಿಯಿಲ್ಲದ ತುಂಬು ಬಾಟಲಿಯಲ್ಲಿ ಆರು ತಿಂಗಳು ಬಾಳುತ್ತದೆ, ಅರ್ಧ ಖಾಲಿಯಾದ ಬಾಟಲಿಯಲ್ಲಿ ಒಂದೇ ತಿಂಗಳು. ವೇಳೆ ಮುಗಿಯಲು ಹತ್ತು ಸೆಕೆಂಡ್ ಇರುವಾಗಲೇ ಹೊರಗೆ ಸುರಿಯಲು ಶುರು ಮಾಡಿ.

ಹಂತ 5: ಸ್ಟಾಪ್ ಬಾತ್

ಡೆವಲಪರ್ ಕೆಲಸವನ್ನು ತಕ್ಷಣ ನಿಲ್ಲಿಸುವ ತೆಳು ಆಮ್ಲ ಇದು. ಅಂಗಡಿಯ ಶೇ. 4ರ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿದರೆ ಸಾಕು. ಅರ್ಧ ನಿಮಿಷ ಕುಲುಕಿ ಚೆಲ್ಲಿ.

ಹಂತ 6: ಫಿಕ್ಸರ್

ಮೂಡದೆ ಉಳಿದ ಬೆಳ್ಳಿಲವಣವನ್ನು ಕರಗಿಸಿ ಫಿಲ್ಮನ್ನು ಬೆಳಕಿಗೆ ಹೆದರದಂತೆ ಮಾಡುವುದು ಫಿಕ್ಸರ್. ರ‍್ಯಾಪಿಡ್ ಫಿಕ್ಸರ್ ಆದರೆ 1+4ಕ್ಕೆ ತೆಳುಮಾಡಿ 5 ನಿಮಿಷ. ಹೈಪೊ ಹರಳನ್ನು, ಅಂದರೆ ಸೋಡಿಯಂ ಥಯೊಸಲ್ಫೇಟನ್ನು, ಲೀಟರಿಗೆ 250 ಗ್ರಾಂನಂತೆ ಕರಗಿಸಿದ್ದಾದರೆ 10 ನಿಮಿಷ. ಮೊದಲೇ ಪರೀಕ್ಷೆ ಮಾಡಿ: ಉಳಿಸಿಟ್ಟ ಫಿಲ್ಮಿನ ತುಂಡನ್ನು ಫಿಕ್ಸರ್‌ಗೆ ಹಾಕಿ, ಹಾಲಿನಂಥ ಬಣ್ಣ ಹೋಗಿ ತಿಳಿಯಾಗಲು ಎಷ್ಟು ಹೊತ್ತು ಬೇಕೋ ನೋಡಿ. ಅದರ ಎರಡರಷ್ಟು ಕನಿಷ್ಠ ವೇಳೆ. ಟಿ-ಮ್ಯಾಕ್ಸ್, ಡೆಲ್ಟಾ ಫಿಲ್ಮುಗಳಿಗೆ ಮೂರರಷ್ಟು.

ಹಂತ 7: ತೊಳೆಯುವುದು, ಒಣಗಿಸುವುದು

ನಲ್ಲಿಯ ಕೆಳಗೆ ಅರ್ಧ ಗಂಟೆ ನೀರು ಹರಿಸಬೇಕಿಲ್ಲ. ಟ್ಯಾಂಕಿಗೆ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ. ಮತ್ತೆ ತುಂಬಿ 10 ಸಲ. ಇನ್ನೊಮ್ಮೆ 20 ಸಲ. ಗಟ್ಟಿಗೊಳಿಸುವ ಅಂಶವಿಲ್ಲದ ಫಿಕ್ಸರ್ ಬಳಸಿದ್ದರೆ ಇಲ್ಫರ್ಡ್‌ನ ಈ ವಿಧಾನ ಸಾಕು. ಕೊನೆಗೆ ಡಿಸ್ಟಿಲ್ಡ್ ವಾಟರಿಗೆ ವೆಟಿಂಗ್ ಏಜೆಂಟ್, ಅಂದರೆ ನೀರು ಹನಿಗಟ್ಟದೆ ಜಾರುವಂತೆ ಮಾಡುವ ದ್ರಾವಣ, ಕೆಲವು ಹನಿ ಹಾಕಿ ಅದ್ದಿ ತೆಗೆಯಿರಿ. ಬೆರಳಿನಿಂದ ಸವರಿ ನೀರು ತೆಗೆಯಬೇಡಿ, ಒಂದು ಮರಳ ಕಣ ಸಾಕು ಇಡೀ ರೋಲಿಗೆ ಗೀರೆಳೆಯಲು. ಬಚ್ಚಲುಮನೆಯಲ್ಲಿ ಮೊದಲೇ ಬಿಸಿನೀರು ಹರಿಸಿ ಹಬೆಯಿಂದ ಧೂಳು ಕೂರಿಸಿ, ಕೆಳತುದಿಗೆ ಕ್ಲಿಪ್ ಹಾಕಿ ನೇತುಹಾಕಿ. ಮಳೆಗಾಲದಲ್ಲಿ ರಾತ್ರಿಯಿಡೀ ಬೇಕಾದೀತು. ಫ್ಯಾನ್ ಹಾಕಬೇಡಿ.

ನೆಗೆಟಿವ್ ಓದುವುದು

ಒಣಗಿದ ಮೇಲೆ ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಅಂಚಿನಲ್ಲಿರುವ ಫಿಲ್ಮಿನ ಹೆಸರು ಮತ್ತು ಅಂಕಿಗಳನ್ನು. ಅವು ಕಾರ್ಖಾನೆಯಲ್ಲೇ ಬೆಳಕು ಕಂಡಂಥವು, ನಿಮ್ಮ ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ಆದ್ದರಿಂದ ತಪ್ಪು ಎಲ್ಲಿ ಎಂದು ಅವೇ ಹೇಳುತ್ತವೆ.

ಅಂಚಿನ ಅಕ್ಷರ ಗಾಢ, ಚಿತ್ರ ಮಾತ್ರ ತೆಳು: ಡೆವಲಪರ್ ಸರಿ, ಎಕ್ಸ್‌ಪೋಷರ್ ಕಡಿಮೆ.

ಅಕ್ಷರವೂ ಮಸುಕು: ವೇಳೆ ಸಾಲದು, ಅಥವಾ ಡೆವಲಪರ್ ದಣಿದಿದೆ, ಅಥವಾ ಥರ್ಮಾಮೀಟರ್ ಸುಳ್ಳು ಹೇಳುತ್ತಿದೆ.

ಅಕ್ಷರವೂ ಇಲ್ಲ, ಇಡೀ ರೋಲು ಗಾಜಿನಂತೆ ತಿಳಿ: ಡೆವಲಪರ್ ಸತ್ತಿದೆ, ಇಲ್ಲವೇ ಫಿಕ್ಸರನ್ನು ಮೊದಲು ಸುರಿದಿದ್ದೀರಿ. ಬಾಟಲಿಗಳ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಯಿರಿ.

ಹಾಲಿನಂತೆ ಮಬ್ಬು: ಫಿಕ್ಸ್ ಆಗಿಲ್ಲ. ಗಾಬರಿ ಬೇಡ, ಹೊಸ ಫಿಕ್ಸರ್‌ನಲ್ಲಿ ಮತ್ತೆ ಹಾಕಿ ಇನ್ನೊಮ್ಮೆ ತೊಳೆಯಿರಿ.

ಚಿತ್ರವಿಲ್ಲದ ಖಾಲಿ ಅಂಚೂ ಬೂದು: ಹೆಚ್ಚು ಹೊತ್ತಿನ ಡೆವಲಪ್‌ನಿಂದ ತುಸು ಮಬ್ಬು ಬರುವುದು ಸಹಜ. ತುಂಬಾ ಇದ್ದರೆ ಫಿಲ್ಮ್ ಹಳೆಯದು ಅಥವಾ ಬಿಸಿಲಿಗೆ ಸಿಕ್ಕಿದ್ದು. ಅವಧಿ ಮೀರಿದ ಫಿಲ್ಮನ್ನು ಪುಶ್‌ಗೆ ಬಳಸಬೇಡಿ.

ಪುಶ್ ನೆಗೆಟಿವ್‌ನಲ್ಲಿ ನೆರಳು ಬರಿದು, ದೀಪ ಗಟ್ಟಿಕಪ್ಪು ಇರುವುದು ಮಾಮೂಲು. ಸ್ಕ್ಯಾನ್ ಮಾಡುವಾಗ ಸಾಫ್ಟ್‌ವೇರಿನ ಸ್ವಯಂ ಕಾಂಟ್ರಾಸ್ಟ್ ಬಂದ್ ಮಾಡಿ, 16 ಬಿಟ್‌ನಲ್ಲಿ ಚಪ್ಪಟೆಯಾಗಿ ಸ್ಕ್ಯಾನ್ ಮಾಡಿ ಆಮೇಲೆ ಹದ ಮಾಡಿ. ಡಾರ್ಕ್‌ರೂಮಿನಲ್ಲಿ ಮುದ್ರಿಸುವವರು ಕಾಂಟ್ರಾಸ್ಟ್ ಗ್ರೇಡ್ 2ರ ಬದಲು ಅದಕ್ಕಿಂತ ಮೆದುವಾದ 1 ಅಥವಾ 1½ರಿಂದ ಶುರು ಮಾಡಬಹುದು.

ಮುಂದಿನ ರೋಲಿಗೆ ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮುಖವೂ ಬಟ್ಟೆಯೂ ಸ್ಕ್ಯಾನ್‌ನಲ್ಲಿ ಸುಣ್ಣದಂತೆ ಬಂದಿದ್ದರೆ ವೇಳೆಯನ್ನು ಶೇ. 10ರಿಂದ 15 ಕಡಿಮೆ ಮಾಡಿ. ಹೊಳಪು ಸರಿಯಿದ್ದು ನೆರಳು ತೀರಾ ಬರಿದಾಗಿದ್ದರೆ ವೇಳೆ ಮುಟ್ಟಬೇಡಿ. ಮೀಟರನ್ನು 1600ರ ಬದಲು 1250 ಅಥವಾ 1000ಕ್ಕೆ ಇಟ್ಟು ಅದೇ ವೇಳೆಗೆ ಡೆವಲಪ್ ಮಾಡಿ.